ಹುಟ್ಟಿದ ದಿನದಿಂದ 16 ವರ್ಷದವರೆಗೆ: ಮಕ್ಕಳಿಗೆ ಯಾವ ಲಸಿಕೆ, ಯಾವಾಗ, ತಪ್ಪಿದರೆ ಏನು ಮಾಡಬೇಕು

ಒಂಬತ್ತು ತಿಂಗಳು ತುಂಬುವವರೆಗೆ ನಮ್ಮಲ್ಲಿ ಮಕ್ಕಳ ಲಸಿಕೆ ತಪ್ಪಿಸುವವರು ಕಡಿಮೆ. ಆಶಾ ಕಾರ್ಯಕರ್ತೆ ಬಾಗಿಲಿಗೇ ಬಂದು ಕರೆಯುತ್ತಾರೆ, ಮನೆಯಲ್ಲಿ ಅಜ್ಜಿ ನೆನಪಿಸುತ್ತಾರೆ. ತೊಂದರೆ ಶುರುವಾಗುವುದು ಆಮೇಲೆ. ಮಗು ಓಡಾಡಲು ಶುರು ಮಾಡುತ್ತದೆ, ಅಮ್ಮ ಕೆಲಸಕ್ಕೆ ವಾಪಸ್ ಹೋಗುತ್ತಾಳೆ, ತಾಯಿ ಕಾರ್ಡ್ ಬೀರುವಿನಲ್ಲಿ ಸೀರೆಗಳ ಅಡಿಗೆ ಸೇರಿಬಿಡುತ್ತದೆ. ಒಂದೂವರೆ ವರ್ಷದ್ದು ಹೇಗೋ ಆಗುತ್ತದೆ. 5 ವರ್ಷದ್ದು, 10 ವರ್ಷದ್ದು, 16 ವರ್ಷದ್ದು ಅಂತ ಇವೆ ಅನ್ನೋದೇ ಎಷ್ಟೋ ಜನಕ್ಕೆ ಗೊತ್ತಿಲ್ಲ. ಅದಕ್ಕೇ ಇಲ್ಲಿ ಮೊದಲ ದಿನದಿಂದ ಕೊನೆಯ ಸೂಜಿಯವರೆಗೆ ಸಾಲಾಗಿ ಹೇಳುತ್ತೇನೆ. ಮುಖ್ಯವಾಗಿ ಸರ್ಕಾರದ ಉಚಿತ ವೇಳಾಪಟ್ಟಿ. ಖಾಸಗಿ ಆಸ್ಪತ್ರೆಯಲ್ಲಿ ಹೆಚ್ಚುವರಿಯಾಗಿ ಏನು ಹಾಕುತ್ತಾರೆ ಅನ್ನೋದು ಕೊನೆಯ ಕಡೆಗೆ ಬರುತ್ತದೆ.

ಮೊದಲು ಕಾರ್ಡ್ ಮತ್ತು ಗುರುವಾರ

ಕರ್ನಾಟಕದಲ್ಲಿ ಗುರುವಾರ ಲಸಿಕೆಯ ದಿನ. ಪ್ರಾಥಮಿಕ ಆರೋಗ್ಯ ಕೇಂದ್ರ, ಉಪಕೇಂದ್ರ, ಊರಿನ ಅಂಗನವಾಡಿ, ನಗರದಲ್ಲಾದರೆ ನಗರ ಆರೋಗ್ಯ ಕೇಂದ್ರ. ನಿಮ್ಮ ಬೀದಿಗೆ ಯಾವ ಗುರುವಾರ, ಯಾವ ಅಂಗನವಾಡಿಯಲ್ಲಿ ಅಂತ ಆಶಾ ಅವರಿಗೆ ಗೊತ್ತಿರುತ್ತದೆ. ಅವರ ನಂಬರ್ ಫೋನಿನಲ್ಲಿ ಇಟ್ಟುಕೊಳ್ಳಿ.

ತಾಯಿ ಕಾರ್ಡ್ ಗರ್ಭಿಣಿಯಾದಾಗಲೇ ಮಾಡಿಸಿದ್ದು ಇರುತ್ತದೆ. ಅದರಲ್ಲೇ ಮಗುವಿನ ಲಸಿಕೆಯ ಪುಟವೂ ಇದೆ. ನಮ್ಮ ಕಡೆ ಒಂದು ವಿಶೇಷ ಫಜೀತಿ ಉಂಟು: ಕಾರ್ಡ್ ಮಾಡಿಸುವುದು ಗಂಡನ ಊರಲ್ಲಿ, ಹೆರಿಗೆ ಆಗುವುದು ತವರಲ್ಲಿ, ಬಾಣಂತನ ಮುಗಿಸಿ ವಾಪಸ್ ಬರುವುದು ಮೂರನೇ ತಿಂಗಳಿಗೋ ಐದನೇ ತಿಂಗಳಿಗೋ. ಮಗುವಿನ ಮೊದಲ ಮೂರು ಸುತ್ತಿನ ಲಸಿಕೆ ಬರುವುದು ಸರಿಯಾಗಿ ಇದೇ ಸಮಯಕ್ಕೆ. ಇಲ್ಲಿನ ಪಟ್ಟಿಯಲ್ಲಿ ಹೆಸರಿದೆ, ಮಗು ಅಲ್ಲಿದೆ. ಇವರು ಅಲ್ಲಿ ಹಾಕಿಸಿರುತ್ತಾರೆ ಅಂದುಕೊಳ್ಳುತ್ತಾರೆ, ಅವರು ಇಲ್ಲಿ ಹಾಕಿಸುತ್ತಾರೆ ಅಂದುಕೊಳ್ಳುತ್ತಾರೆ. ಆದ್ದರಿಂದ ತವರಿಗೆ ಹೊರಡುವಾಗ ಕಾರ್ಡ್ ಬ್ಯಾಗಿಗೆ ಹಾಕಿಕೊಳ್ಳಿ. ಅಲ್ಲಿನ ಆಶಾ ಅವರಿಗೆ ಹೆರಿಗೆ ಆಗಿದೆ ಅಂತ ಹೇಳಿ ಕಳಿಸಿ. ಯಾವ ಊರಿನ ಕೇಂದ್ರದಲ್ಲಿ ಬೇಕಾದರೂ ಲಸಿಕೆ ಹಾಕುತ್ತಾರೆ, ವಿಳಾಸ ಬೇರೆ ಅಂತ ವಾಪಸ್ ಕಳಿಸುವ ಹಾಗಿಲ್ಲ.

ಪ್ರತಿ ಸಲ ಲಸಿಕೆ ಆದ ಕೂಡಲೇ ಆ ಪುಟದ ಫೋಟೊ ತೆಗೆದು ಮನೆಯ ಇಬ್ಬರ ಫೋನಿನಲ್ಲಿ ಇಡಿ. ಜೊತೆಗೆ ಈಗ ಯು-ವಿನ್ ಅಂತ ಸರ್ಕಾರದ ಆನ್‌ಲೈನ್ ವ್ಯವಸ್ಥೆ ಇದೆ. ಮೊಬೈಲ್ ನಂಬರ್ ಕೊಟ್ಟು ಮಗುವಿನ ಹೆಸರು ಸೇರಿಸಿದರೆ ಪ್ರತಿ ಡೋಸ್ ಅಲ್ಲಿ ದಾಖಲಾಗುತ್ತದೆ, ಪ್ರಮಾಣಪತ್ರ ಇಳಿಸಿಕೊಳ್ಳಬಹುದು. ಸಿಸ್ಟರ್ ಅದರಲ್ಲಿ ಹಾಕಿದರಾ ಅಂತ ಅಲ್ಲೇ ಕೇಳಿ.

ಹುಟ್ಟಿದಾಗ: ಮೂರು

ಕ್ಷಯ ತಡೆಯುವ ಬಿಸಿಜಿ, ಹೆಪಟೈಟಿಸ್-ಬಿ, ಪೋಲಿಯೊ ಹನಿ. ಮೂರೂ ಹೆರಿಗೆಯಾದ ಆಸ್ಪತ್ರೆಯಲ್ಲೇ ಆಗಬೇಕು. ಡಿಸ್ಚಾರ್ಜ್ ಆಗುವ ಮುಂಚೆ ಕಾರ್ಡಿನಲ್ಲಿ ಮೂರಕ್ಕೂ ತಾರೀಕು ಬಿದ್ದಿದೆಯಾ ನೋಡಿ.

ಇದರಲ್ಲಿ ಗಡಿಯಾರ ನೋಡಿಕೊಂಡು ಹಾಕಬೇಕಾದದ್ದು ಹೆಪಟೈಟಿಸ್-ಬಿ. 24 ಗಂಟೆಯೊಳಗೆ. ತಾಯಿಗೆ ಗೊತ್ತಿಲ್ಲದೇ ಆ ವೈರಸ್ ಇದ್ದರೆ ಹೆರಿಗೆಯ ಹೊತ್ತಿಗೆ ಮಗುವಿಗೆ ದಾಟುತ್ತದೆ, ಹಾಗೆ ದಾಟಿದ್ದು ಬಹುಪಾಲು ಮಕ್ಕಳಲ್ಲಿ ಜೀವನಪೂರ್ತಿ ಉಳಿದು ಮುಂದೆ ಲಿವರ್ ಹಾಳು ಮಾಡುತ್ತದೆ. ತಾಯಿಗೆ ಹೆಪಟೈಟಿಸ್-ಬಿ ಇರುವುದು ಮೊದಲೇ ಗೊತ್ತಿದ್ದರೆ ಡಾಕ್ಟರಿಗೆ ಹೇಳಿರಿ, ಮಗುವಿಗೆ ಲಸಿಕೆ ಜೊತೆ ಇನ್ನೊಂದು ಇಂಜೆಕ್ಷನ್ ಕೂಡ ಬೇಕಾಗುತ್ತದೆ.

ಪೋಲಿಯೊ ಮೊದಲ ಹನಿ 15 ದಿನದೊಳಗೆ. ಬಿಸಿಜಿ ಎಡ ತೋಳಿನ ಮೇಲೆ, ಚರ್ಮದ ಪದರದೊಳಗೆ. ಹುಟ್ಟಿದಾಗ ಆಗದಿದ್ದರೆ ಒಂದು ವರ್ಷದೊಳಗೆ ಯಾವಾಗ ಬೇಕಾದರೂ ಹಾಕಿಸಬಹುದು. ಕೆಲವು ವಾರ ಬಿಟ್ಟು ಆ ಜಾಗ ಸಣ್ಣ ಗುಳ್ಳೆಯಾಗುತ್ತದೆ, ಕೀವು ಕಾಣುತ್ತದೆ, ಒಡೆದು ಒಣಗಿ ಕಲೆ ಉಳಿಯುತ್ತದೆ. ಇದನ್ನು ನೋಡಿ ಗಾಬರಿಯಾಗಿ ಅರಿಶಿನ ಮೆತ್ತುವುದು, ಮುಲಾಮು ಹಚ್ಚುವುದು, ಹಿಂಡುವುದು ಬೇಡ. ಎಣ್ಣೆ ನೀರು ಹಾಕುವಾಗ ಅದೊಂದು ಜಾಗ ತಿಕ್ಕಬೇಡಿ ಅಂತ ಹಾಕುವವರಿಗೆ ಹೇಳಿ, ಸಾಕು. ಕಲೆಯೇ ಬೀಳಲಿಲ್ಲ ಅಂದರೂ ಮತ್ತೊಮ್ಮೆ ಹಾಕಿಸಬೇಕಿಲ್ಲ.

ಒಂದೂವರೆ, ಎರಡೂವರೆ, ಮೂರೂವರೆ ತಿಂಗಳು

ಮಾತಿನಲ್ಲಿ ಹೀಗೆ ಹೇಳುತ್ತೇವೆ, ಲೆಕ್ಕ ಮಾತ್ರ ವಾರದ್ದು: 6, 10, 14 ವಾರ. ಮಗು ಜನವರಿ 1ಕ್ಕೆ ಹುಟ್ಟಿದ್ದರೆ ಫೆಬ್ರವರಿ 12ಕ್ಕೆ ಮೊದಲ ಸುತ್ತು, ಮಾರ್ಚ್ 12ಕ್ಕೆ ಎರಡನೆಯದು, ಏಪ್ರಿಲ್ 9ಕ್ಕೆ ಮೂರನೆಯದು (ಫೆಬ್ರವರಿಗೆ 28 ದಿನ ಇರುವ ವರ್ಷದಲ್ಲಿ). ಆ ದಿನ ಗುರುವಾರ ಅಲ್ಲದಿದ್ದರೆ ಅದರ ನಂತರದ ಗುರುವಾರ ಹೋಗಿ, ಹಿಂದಿನ ಗುರುವಾರ ಬೇಡ. ನಾಲ್ಕು ದಿನ ತಡವಾದರೆ ಏನೂ ಆಗಲ್ಲ, ಬೇಗ ಹಾಕಿದರೆ ಲೆಕ್ಕಕ್ಕೆ ಬರದೇ ಹೋಗಬಹುದು.

ಮೂರೂ ಸಲ ಇರುವವು: ಪೋಲಿಯೊ ಹನಿ, ಜೋರು ಭೇದಿ ತಡೆಯುವ ರೋಟಾ ಹನಿ, ಪೆಂಟಾವೇಲೆಂಟ್ (ಪೆಂಟಾ) ಇಂಜೆಕ್ಷನ್. 6 ಮತ್ತು 14ನೇ ವಾರದಲ್ಲಿ ಇವುಗಳ ಜೊತೆ ಇನ್ನೆರಡು ಸೂಜಿ: ನ್ಯುಮೋನಿಯಾ ತಡೆಯುವ ಪಿಸಿವಿ, ಮತ್ತು ಇಂಜೆಕ್ಷನ್ ರೂಪದ ಪೋಲಿಯೊ ಲಸಿಕೆ. ಅಂದರೆ 6ನೇ ವಾರದಲ್ಲಿ ಬಾಯಿಗೆ ಎರಡು, ಮೈಗೆ ಮೂರು. 10ನೇ ವಾರ ಸ್ವಲ್ಪ ಹಗುರ, ಒಂದೇ ಸೂಜಿ. 14ಕ್ಕೆ ಮತ್ತೆ ಮೂರು.

ಯಾವುದು ಎಲ್ಲಿ ಅನ್ನೋದೂ ನಿಗದಿ ಇದೆ. ಪೆಂಟಾ ಎಡ ತೊಡೆಗೆ, ಪಿಸಿವಿ ಬಲ ತೊಡೆಗೆ, ಪೋಲಿಯೊ ಸೂಜಿ ಬಲ ತೋಳಿಗೆ. ಸಂಜೆ ಎಡ ತೊಡೆ ಕೆಂಪಾಗಿ ಗಟ್ಟಿಯಾದರೆ ಅದು ಪೆಂಟಾ ಕೆಲಸ ಅಂತ ನಿಮಗೇ ಗೊತ್ತಾಗುತ್ತದೆ. ಪೆಂಟಾ ಒಂದರಲ್ಲೇ ಐದು ರೋಗಕ್ಕೆ ರಕ್ಷಣೆ ಇದೆ: ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು, ಹೆಪಟೈಟಿಸ್-ಬಿ, ಮತ್ತೆ ಮಕ್ಕಳಲ್ಲಿ ನ್ಯುಮೋನಿಯಾ, ಮಿದುಳಿನ ಪೊರೆಯ ಸೋಂಕು ತರುವ ಹಿಬ್ ಅನ್ನುವ ಬ್ಯಾಕ್ಟೀರಿಯಾ. ಜ್ವರ ಜಾಸ್ತಿ ಬರುವುದೂ ಇದಕ್ಕೇ, ಅದರಲ್ಲಿರುವ ನಾಯಿಕೆಮ್ಮಿನ ಭಾಗದಿಂದ.

ಒಂದೇ ದಿನ ಇಷ್ಟೊಂದು ಹಾಕಿದರೆ ಮಗು ತಡೆಯುತ್ತದಾ ಅಂತ ಅಜ್ಜಿಯಂದಿರು ಕೇಳುತ್ತಾರೆ. ಒಂದು ಸೂಜಿ ಈ ವಾರ, ಇನ್ನೊಂದು ಮುಂದಿನ ವಾರ ಹಾಕಿಸೋಣ ಅನ್ನುವವರೂ ಇದ್ದಾರೆ. ಹಾಗೆ ಬಿಡಿಬಿಡಿಯಾಗಿ ಹಾಕಿಸಿದರೆ ಮಗು ಅಳುವ ದಿನಗಳು ಹೆಚ್ಚಾಗುತ್ತವೆ, ನೀವು ಓಡಾಡುವುದು ಹೆಚ್ಚಾಗುತ್ತದೆ, ರಕ್ಷಣೆ ತಡವಾಗುತ್ತದೆ. ಲಾಭ ಏನೂ ಇಲ್ಲ.

ಇಂಡಿಯಾದಲ್ಲಿ ಪೋಲಿಯೊ ಹೋಯಿತಲ್ಲ, ಇನ್ನೂ ಯಾಕೆ ಹನಿಯೂ ಬೇಕು ಸೂಜಿಯೂ ಬೇಕು? ನಮ್ಮ ದೇಶದಲ್ಲಿ ಸಹಜ ಪೋಲಿಯೊ ವೈರಸ್ಸಿನ (ಲಸಿಕೆಯಿಂದ ಬಂದದ್ದಲ್ಲ) ಕೊನೆಯ ಪ್ರಕರಣ 2011ರ ಜನವರಿಯದ್ದು, ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯಲ್ಲಿ. 2014ರ ಮಾರ್ಚಿನಲ್ಲಿ ಪೋಲಿಯೊ ಮುಕ್ತ ಅಂತ ಪ್ರಮಾಣಪತ್ರವೂ ಸಿಕ್ಕಿತು. ಪಕ್ಕದ ಪಾಕಿಸ್ತಾನ, ಅಫ್ಘಾನಿಸ್ತಾನದಲ್ಲಿ ಮಾತ್ರ ಅದು ಹೋಗಿಲ್ಲ. ಜೊತೆಗೆ 2016ರ ಏಪ್ರಿಲ್‌ನಿಂದ ಹನಿಯಲ್ಲಿ ಎರಡನೇ ಬಗೆಯ ವೈರಸ್ ತೆಗೆದುಬಿಟ್ಟಿದ್ದಾರೆ. ಆ ಬಗೆಗೆ ರಕ್ಷಣೆ ಸಿಗುವುದು ಸೂಜಿಯಿಂದಲೇ. ಪಲ್ಸ್ ಪೋಲಿಯೊ ಭಾನುವಾರದಂದು ಹಾಕಿಸಿದ ಹನಿ ಈ ಲೆಕ್ಕಕ್ಕೆ ಸೇರುವುದಿಲ್ಲ, ಅದು ಹೆಚ್ಚುವರಿ.

ಆ ದಿನ ಹೋದಾಗ ಏನೇನು ಗಮನಿಸಬೇಕು

ಮಗುವಿಗೆ ಮುಂದೆ ಬಿಚ್ಚುವ ಸಡಿಲ ಬಟ್ಟೆ ಹಾಕಿ. ಹೊಟ್ಟೆ ತುಂಬಾ ಹಾಲು ಕುಡಿಸಿ, ಹನಿ ಹಾಕುವ ಮುಂಚೆ ಹಾಲು ಕೊಡಬಾರದು ಅನ್ನುವುದು ಸುಳ್ಳು. ಸೂಜಿ ಚುಚ್ಚುವಾಗ ಎದೆಗೆ ಹಚ್ಚಿಕೊಂಡೇ ಕೂತರೆ ಅಳು ಬೇಗ ನಿಲ್ಲುತ್ತದೆ.

ಅಂಗನವಾಡಿಯ ಮೇಜಿನ ಮೇಲೆ ಲಸಿಕೆ ತಂದ ಡಬ್ಬ ಇರುತ್ತದೆ, ಒಳಗೆ ಐಸ್ ಪ್ಯಾಕ್. ಶೀಶೆಯ ಮೇಲೆ ಒಂದು ಪುಟ್ಟ ಗುರುತು ನೋಡಿದ್ದೀರಾ? ನೇರಳೆ ಬಣ್ಣದ ವೃತ್ತ, ಅದರೊಳಗೆ ಬಿಳಿ ಚೌಕ. ಶೀಶೆಗೆ ಬಿಸಿ ತಾಗುತ್ತಾ ಹೋದ ಹಾಗೆ ಆ ಚೌಕ ಕಪ್ಪಾಗುತ್ತಾ ಬರುತ್ತದೆ. ಚೌಕ ಹೊರಗಿನ ವೃತ್ತಕ್ಕಿಂತ ತಿಳಿಯಾಗಿದ್ದರೆ ಲಸಿಕೆ ಸರಿ ಇದೆ. ಎರಡೂ ಒಂದೇ ಬಣ್ಣಕ್ಕೆ ಬಂದರೆ ಆ ಶೀಶೆ ಬಳಸುವ ಹಾಗಿಲ್ಲ. ತೋರಿಸಿ ಸಿಸ್ಟರ್ ಅಂದರೆ ಬೇಜಾರಿಲ್ಲದೆ ತೋರಿಸುತ್ತಾರೆ. ಬಿಸಿಜಿ, ದಡಾರ-ರುಬೆಲ್ಲಾ ಲಸಿಕೆ ಪುಡಿ ರೂಪದಲ್ಲಿ ಬರುತ್ತವೆ, ದ್ರವ ಬೆರೆಸಿದ ಮೇಲೆ 4 ಗಂಟೆಯೊಳಗೆ ಮುಗಿಸಬೇಕು, ಅದಕ್ಕೇ ತೆರೆದ ಸಮಯವನ್ನು ಶೀಶೆ ಮೇಲೆ ಬರೆದಿರುತ್ತಾರೆ. ಸಿರಿಂಜ್ ಒಮ್ಮೆ ಒತ್ತಿದರೆ ಲಾಕ್ ಆಗುವಂಥದ್ದು, ಎರಡನೇ ಮಗುವಿಗೆ ಬಳಸಲು ಬರುವುದೇ ಇಲ್ಲ.

ಆಮೇಲೆ ಅರ್ಧ ಗಂಟೆ ಅಲ್ಲೇ ಕೂರಿ. ಬಸ್ಸಿಗೆ ಹೊತ್ತಾಯಿತು ಅಂತ ಎದ್ದು ಹೋಗಬೇಡಿ. ತೀವ್ರ ಅಲರ್ಜಿ ತುಂಬಾ ಅಪರೂಪ, ಆದರೆ ಆಗುವುದಿದ್ದರೆ ಹೆಚ್ಚಾಗಿ ಆ ಅರ್ಧ ಗಂಟೆಯಲ್ಲೇ ಆಗುತ್ತದೆ, ಅದಕ್ಕೆ ಕೊಡುವ ಇಂಜೆಕ್ಷನ್ ಸಿಸ್ಟರ್ ಹತ್ತಿರ ಇರುತ್ತದೆ.

ನೆಗಡಿ, ಸಣ್ಣ ಕೆಮ್ಮು, ಲಘು ಭೇದಿ ಇದ್ದರೂ ಲಸಿಕೆ ಹಾಕಿಸಬಹುದು. ಆ್ಯಂಟಿಬಯಾಟಿಕ್ ಕೊಡುತ್ತಿದ್ದರೂ ಅಡ್ಡಿ ಇಲ್ಲ. ಮಗು ತೂಕ ಕಡಿಮೆ, ತಿಂಗಳು ತುಂಬದೆ ಹುಟ್ಟಿದ್ದು ಅಂತ ಮುಂದೂಡಬೇಡಿ, ಅಂಥ ಮಕ್ಕಳಿಗೆ ಸೋಂಕಿನ ಭಯ ಜಾಸ್ತಿ; ಎಣಿಸುವುದು ಹುಟ್ಟಿದ ದಿನದಿಂದಲೇ. ನಿಲ್ಲಿಸಬೇಕಾದ ಸಂದರ್ಭ ಕೆಲವೇ: ಜೋರು ಜ್ವರ ಇದ್ದಾಗ, ಆಸ್ಪತ್ರೆಗೆ ಸೇರಿಸುವಷ್ಟು ಹುಷಾರಿಲ್ಲದಾಗ, ಹಿಂದಿನ ಡೋಸಿಗೆ ತೀವ್ರ ಅಲರ್ಜಿಯೋ ಫಿಟ್ಸೋ ಆಗಿದ್ದರೆ, ಮಗುವಿಗೆ ರೋಗನಿರೋಧಕ ಶಕ್ತಿಯ ತೊಂದರೆ ಅಥವಾ ಕ್ಯಾನ್ಸರ್ ಚಿಕಿತ್ಸೆ ಇದ್ದರೆ. ಆಗ ಡಾಕ್ಟರ್ ನೋಡಿ ಹೇಳಲಿ. ಅಮಾವಾಸ್ಯೆ, ಮಂಗಳವಾರ ಈ ಪಟ್ಟಿಯಲ್ಲಿಲ್ಲ!

ಮನೆಗೆ ಬಂದ ಮೇಲೆ ಜ್ವರ

ಪೆಂಟಾ ಹಾಕಿದ ದಿನ ಸಂಜೆಯಿಂದ ಒಂದೆರಡು ದಿನ ಮೈ ಬಿಸಿ, ಅಳು, ತೊಡೆ ನೋವು ಇರುತ್ತದೆ. ಪ್ಯಾರಾಸಿಟಮಾಲ್ ಸಾಕು. ಆದರೆ ಇಲ್ಲಿ ಒಂದು ಎಚ್ಚರ, ಇದನ್ನು ದಯವಿಟ್ಟು ನಿಧಾನವಾಗಿ ಓದಿ. ಮಕ್ಕಳ ಪ್ಯಾರಾಸಿಟಮಾಲ್ ಬೇರೆ ಬೇರೆ ಗಟ್ಟಿಯಲ್ಲಿ ಬರುತ್ತದೆ. ಡ್ರಾಪ್ಸ್ ಶೀಶೆಯಲ್ಲಿ ಸಾಮಾನ್ಯವಾಗಿ 1 ಎಂಎಲ್‌ಗೆ 100 ಎಂಜಿ. ಸಿರಪ್ಪಿನಲ್ಲಿ 5 ಎಂಎಲ್‌ಗೆ 120 ಅಥವಾ 125 ಎಂಜಿ, ಇನ್ನೊಂದು ಬಗೆಯಲ್ಲಿ 250. ಅಂದರೆ ಸಿರಪ್ಪಿನ ಅಳತೆಯಲ್ಲಿ ಡ್ರಾಪ್ಸ್ ಹಾಕಿಬಿಟ್ಟರೆ ಮಗುವಿಗೆ ನಾಲ್ಕು ಪಟ್ಟು ಹೋಗುತ್ತದೆ. ಡೋಸ್ ನಿರ್ಧಾರವಾಗುವುದು ತೂಕದ ಮೇಲೆ, ಒಂದು ಕೆಜಿಗೆ 10ರಿಂದ 15 ಎಂಜಿ. ಆದ್ದರಿಂದ ಅಕ್ಕನ ಮಗುವಿಗೆ ಹೇಳಿದ ಲೆಕ್ಕ ನಿಮ್ಮ ಮಗುವಿಗೆ ಬೇಡ. ಯಾವ ಶೀಶೆ, ಎಷ್ಟು ಎಂಎಲ್, ಎಷ್ಟು ಗಂಟೆಗೊಮ್ಮೆ, ಇದನ್ನು ಸಿಸ್ಟರ್ ಅಥವಾ ಡಾಕ್ಟರ್ ಕೈಯಲ್ಲಿ ಕಾರ್ಡಿನ ಹಿಂದೆಯೇ ಬರೆಸಿಕೊಳ್ಳಿ.

ಜಾಗ ಊದಿದರೆ ಒದ್ದೆ ಬಟ್ಟೆ ಇಡಿ. ಬಿಸಿ ಶಾಖ, ಮಸಾಜ್, ಎಣ್ಣೆ ಬೇಡ. ಕೆಲವು ಮಕ್ಕಳಿಗೆ ಕಡಲೆಕಾಳಿನಷ್ಟು ಗಂಟು ಹಲವು ವಾರ ಉಳಿಯುತ್ತದೆ, ತಾನಾಗಿ ಕರಗುತ್ತದೆ.

ಮಗು ಮೂರು ಗಂಟೆಗೂ ಹೆಚ್ಚು ಹೊತ್ತು ಸಮಾಧಾನವೇ ಆಗದೆ ಚೀರಿದರೆ, ಫಿಟ್ಸ್ ಬಂದರೆ, ಕೈಕಾಲು ಸೋತು ಬಟ್ಟೆಯಂತಾದರೆ, ಉಸಿರಾಟ ಕಷ್ಟವಾದರೆ, ಮುಖ ಊದಿದರೆ ಕಾಯಬೇಡಿ. 108ಕ್ಕೆ ಫೋನ್ ಮಾಡಿ. ಸಣ್ಣ ಅನುಮಾನಗಳಿಗೆ 104 ಆರೋಗ್ಯ ಸಹಾಯವಾಣಿ ಇದೆ. ರೋಟಾ ಹನಿಯಾದ ಕೆಲವು ದಿನಗಳಲ್ಲಿ ಮಗು ಬಿಟ್ಟು ಬಿಟ್ಟು ಜೋರಾಗಿ ಅತ್ತು, ವಾಂತಿ ಮಾಡಿ, ಮಲದಲ್ಲಿ ರಕ್ತ ಕಂಡರೆ ಅದು ಕರುಳು ಮಡಿಸಿಕೊಂಡ ಲಕ್ಷಣ ಇರಬಹುದು. ಬಹಳ ವಿರಳ, ಆದರೆ ಅಂದೇ ಆಸ್ಪತ್ರೆಗೆ ಹೋಗಬೇಕು.

ಒಂಬತ್ತು ತಿಂಗಳು ತುಂಬಿದಾಗ

ದಡಾರ-ರುಬೆಲ್ಲಾ ಮೊದಲ ಡೋಸ್, ಪಿಸಿವಿ ಬೂಸ್ಟರ್, ಪೋಲಿಯೊ ಸೂಜಿಯ ಮೂರನೇ ಡೋಸ್ (ಇದು 2023ರಿಂದ ಸೇರಿದ್ದು, ಹಳೇ ಕಾರ್ಡುಗಳಲ್ಲಿ ಇದರ ಜಾಗವೇ ಇಲ್ಲ), ಬಾಯಿಗೆ ವಿಟಮಿನ್ ಎ 1 ಎಂಎಲ್. ದಡಾರದ ಲಸಿಕೆಗೆ ಜ್ವರ ಬರುವುದು ಅವತ್ತೇ ಅಲ್ಲ, ಒಂದು ವಾರದಿಂದ ಹನ್ನೆರಡು ದಿನದ ನಡುವೆ, ಕೆಲವರಿಗೆ ಸಣ್ಣ ದದ್ದಿನ ಜೊತೆ. ಅಷ್ಟರಲ್ಲಿ ಲಸಿಕೆಯ ವಿಷಯ ಮರೆತೇ ಹೋಗಿ ಬೇರೇನೋ ಅಂದುಕೊಳ್ಳುತ್ತಾರೆ.

ಮಿದುಳು ಜ್ವರದ ಲಸಿಕೆ, ಅಂದರೆ ಜಪಾನೀಸ್ ಎನ್ಸೆಫಲೈಟಿಸ್ದು, ಎಲ್ಲ ಕಡೆ ಇಲ್ಲ. ರೋಗ ಕಾಣಿಸಿಕೊಳ್ಳುವ ಜಿಲ್ಲೆಗಳಲ್ಲಿ ಮಾತ್ರ. ಭತ್ತದ ಗದ್ದೆಯಂಥ ನಿಂತ ನೀರಿನಲ್ಲಿ ಬೆಳೆಯುವ ಸೊಳ್ಳೆಯಿಂದ ಹರಡುವ ರೋಗ ಇದು. 2022ರ ಡಿಸೆಂಬರಿನಲ್ಲಿ ಉಡುಪಿ, ದಕ್ಷಿಣ ಕನ್ನಡ, ಹಾಸನ, ತುಮಕೂರು ಸೇರಿದಂತೆ ಹಲವು ಜಿಲ್ಲೆಗಳಲ್ಲಿ 1ರಿಂದ 15 ವರ್ಷದ ಮಕ್ಕಳಿಗೆ ಇದರ ಅಭಿಯಾನವೇ ನಡೆಯಿತು. ನಿಮ್ಮ ಜಿಲ್ಲೆಯಲ್ಲಿ ಉಂಟಾ ಅಂತ ಕೇಳಿ. ಇದ್ದರೆ 9 ತಿಂಗಳಿಗೊಂದು, 16 ತಿಂಗಳ ನಂತರ ಇನ್ನೊಂದು.

ಒಂದೂವರೆ ವರ್ಷ, ಆಮೇಲೆ ಶಾಲೆಗೆ ಸೇರುವ ಹೊತ್ತು

16ರಿಂದ 24 ತಿಂಗಳ ನಡುವೆ: ದಡಾರ-ರುಬೆಲ್ಲಾ ಎರಡನೇ ಡೋಸ್, ಡಿಪಿಟಿ (ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯುವಿನ ಲಸಿಕೆ) ಮೊದಲ ಬೂಸ್ಟರ್, ಪೋಲಿಯೊ ಹನಿ ಬೂಸ್ಟರ್, ವಿಟಮಿನ್ ಎ 2 ಎಂಎಲ್. ದಡಾರದ ಮೊದಲ ಡೋಸಿನಿಂದ ಎಲ್ಲ ಮಕ್ಕಳಿಗೂ ರಕ್ಷಣೆ ಬರುವುದಿಲ್ಲ. ಎರಡನೆಯದು ಇರುವುದು ಹಾಗೆ ಉಳಿದುಹೋದ ಮಕ್ಕಳಿಗಾಗಿ, ಯಾವ ಮಗು ಉಳಿದಿದೆ ಅಂತ ಹೊರಗಿನಿಂದ ಗೊತ್ತಾಗಲ್ಲವಲ್ಲ. ವಿಟಮಿನ್ ಎ ಆರು ತಿಂಗಳಿಗೊಮ್ಮೆ 5 ವರ್ಷದವರೆಗೂ ಕೊಡಿಸಬೇಕು, ಒಟ್ಟು 9 ಸಲ.

5ರಿಂದ 6 ವರ್ಷದೊಳಗೆ ಡಿಪಿಟಿ ಎರಡನೇ ಬೂಸ್ಟರ್. ಅತಿ ಹೆಚ್ಚು ಮರೆಯುವುದು ಇದನ್ನೇ. ಮಗು ಆಗ ಅಂಗನವಾಡಿಯ ಪಟ್ಟಿಯಿಂದ ಹೊರಗೆ ಬಂದಿರುತ್ತದೆ, ಶಾಲೆ ಇನ್ನೂ ಹೊಸದು. ಗಂಟಲುಮಾರಿ ಹಳೇ ಕಾಲದ ರೋಗ ಅಂದುಕೊಳ್ಳಬೇಡಿ. ಗಂಟಲಲ್ಲಿ ಬೂದು ಬಣ್ಣದ ಪೊರೆ ಕಟ್ಟಿ ಉಸಿರುಗಟ್ಟಿಸುತ್ತದೆ, ಅದರ ವಿಷ ಹೃದಯಕ್ಕೆ ಹೋಗುತ್ತದೆ. ಈಗಲೂ ನಮ್ಮ ದೇಶದಲ್ಲಿ ಕಾಣಿಸುತ್ತಿದೆ, ಅದೂ 5 ವರ್ಷ ದಾಟಿದ ಮಕ್ಕಳಲ್ಲೇ ಜಾಸ್ತಿ. ಚಿಕ್ಕಂದಿನ ಡೋಸುಗಳ ಬಲ ವರ್ಷಗಳು ಕಳೆದಂತೆ ಇಳಿಯುತ್ತದೆ, ಬೂಸ್ಟರ್ ಬಿಟ್ಟವರಿಗೆ ತಗಲುತ್ತದೆ. ಒಂದನೇ ಕ್ಲಾಸಿಗೆ ಅಡ್ಮಿಶನ್ ಮಾಡಿಸುವ ವಾರವೇ ಈ ಸೂಜಿಯನ್ನೂ ಮುಗಿಸಿ. 7 ವರ್ಷ ತುಂಬಿದರೆ ಡಿಪಿಟಿ ಕೊಡುವುದಿಲ್ಲ, ಟಿಡಿ ಕೊಡುತ್ತಾರೆ.

10 ವರ್ಷಕ್ಕೊಂದು ಟಿಡಿ, 16ಕ್ಕೊಂದು. ಧನುರ್ವಾಯು ಮತ್ತು ಗಂಟಲುಮಾರಿಗೆ. ಸರ್ಕಾರಿ ಶಾಲೆಗಳಿಗೆ ಆರೋಗ್ಯ ತಂಡವೇ ಬಂದು ಹಾಕುತ್ತದೆ, ಖಾಸಗಿ ಶಾಲೆಯ ಮಕ್ಕಳು ಉಳಿದುಬಿಡುವುದುಂಟು. 16ರದ್ದಂತೂ ಎಸ್ಸೆಸ್ಸೆಲ್ಸಿ, ಪಿಯುಸಿ ಗಲಾಟೆಯಲ್ಲಿ ಕೊಚ್ಚಿಹೋಗುತ್ತದೆ. ಪರೀಕ್ಷೆ ಮುಗಿದ ರಜೆಯಲ್ಲಿ ಹಾಕಿಸಿ. ದೊಡ್ಡ ಮಕ್ಕಳು ಸೂಜಿ ನೋಡಿ ತಲೆಸುತ್ತಿ ಬೀಳುವುದು ಸಾಮಾನ್ಯ. ಅದು ಲಸಿಕೆಯ ದೋಷ ಅಲ್ಲ, ಭಯ. ತಿಂಡಿ ತಿನ್ನಿಸಿ ಕರೆದುಕೊಂಡು ಹೋಗಿ, ಕೂತೇ ಹಾಕಿಸಿಕೊಳ್ಳಲಿ.

ತಪ್ಪಿಹೋಗಿದ್ದರೆ

ಮೊದಲಿನಿಂದ ಶುರು ಮಾಡುವುದು ಬೇಡ. ಎಲ್ಲಿ ನಿಂತಿತ್ತೋ ಅಲ್ಲಿಂದ ಮುಂದುವರಿಸುತ್ತಾರೆ. ಪೆಂಟಾ ಎರಡು ಆಗಿ ನಾಲ್ಕು ತಿಂಗಳು ಕಳೆದಿದ್ದರೆ ಈಗ ಮೂರನೆಯದು, ಅಷ್ಟೇ. ಡೋಸುಗಳ ನಡುವೆ ಕನಿಷ್ಠ ನಾಲ್ಕು ವಾರ ಇರಬೇಕು. ಹೆಚ್ಚಾದರೆ ಹಾಕಿದ್ದು ವ್ಯರ್ಥವಾಗುವುದಿಲ್ಲ. ಬೈಯ್ತಾರೆ ಅನ್ನುವ ಭಯಕ್ಕೆ ಎಷ್ಟೋ ತಾಯಂದಿರು ಹೋಗುವುದೇ ಇಲ್ಲ. ಬೈದರೂ ಬೈಯಲಿ, ಹೋಗಿ.

ಕೆಲವಕ್ಕೆ ಮಾತ್ರ ವಯಸ್ಸಿನ ಗಡಿ ಇದೆ. ಬಿಸಿಜಿ 1 ವರ್ಷದವರೆಗೆ. ಪೆಂಟಾ, ರೋಟಾ, ಪಿಸಿವಿ ಮೊದಲ ಡೋಸ್ ಸರ್ಕಾರಿ ಕಾರ್ಯಕ್ರಮದಲ್ಲಿ 1 ವರ್ಷದೊಳಗೆ ಶುರುವಾಗಿರಬೇಕು. ದಡಾರ-ರುಬೆಲ್ಲಾ, ಪೋಲಿಯೊ ಹನಿ 5 ವರ್ಷದವರೆಗೆ. ಮಿದುಳು ಜ್ವರದ್ದು 15ರವರೆಗೆ. ಉದಾಹರಣೆಗೆ ಕೆಲಸಕ್ಕಾಗಿ ಊರೂರು ಅಲೆಯುವ ಕುಟುಂಬದ ಎರಡು ವರ್ಷದ ಮಗು, ಒಂದೂ ಹಾಕಿಸಿಲ್ಲ ಅಂದುಕೊಳ್ಳಿ. ಮೊದಲ ದಿನವೇ ಡಿಪಿಟಿ, ಪೋಲಿಯೊ ಹನಿ, ದಡಾರ-ರುಬೆಲ್ಲಾ ಹಾಕುತ್ತಾರೆ, ವಿಟಮಿನ್ ಎ ಕೊಡುತ್ತಾರೆ. ತಿಂಗಳು ಬಿಟ್ಟು ಆ ಮೂರೂ ಎರಡನೇ ಡೋಸ್. ಇನ್ನೊಂದು ತಿಂಗಳಿಗೆ ಡಿಪಿಟಿ, ಪೋಲಿಯೊ ಮೂರನೆಯದು. ಅದಾಗಿ ಆರು ತಿಂಗಳಿಗೆ ಬೂಸ್ಟರ್.

ಖಾಸಗಿಯಲ್ಲಿ ಹೇಳುವ ಹೆಚ್ಚಿನವು

ಸರ್ಕಾರಿ ಲಸಿಕೆ ಕಳಪೆ ಅನ್ನುವ ಮಾತು ಬಿಡಿ. ಸೀರಮ್ ಇನ್‌ಸ್ಟಿಟ್ಯೂಟ್, ಭಾರತ್ ಬಯೋಟೆಕ್‌ನಂಥ ಕಂಪನಿಗಳದ್ದೇ ಲಸಿಕೆ ಎರಡೂ ಕಡೆ. "ನೋವಿಲ್ಲದ" ಪೆಂಟಾ, ಡಿಪಿಟಿ ಇಂಜೆಕ್ಷನ್ ಅಂತ ದುಬಾರಿ ಬೆಲೆಗೆ ಕೊಡುವುದರಲ್ಲಿ ಜ್ವರ, ಊತ ಕಡಿಮೆ ನಿಜ, ಆದರೆ ನಾಯಿಕೆಮ್ಮಿಗೆ ಅದರ ರಕ್ಷಣೆ ಬೇಗ ಇಳಿಯುತ್ತದೆ. ದುಡ್ಡಿಗೆ ಕಷ್ಟವಿದ್ದರೆ ಅದಕ್ಕಾಗಿ ಸಾಲ ಮಾಡುವ ಅಗತ್ಯ ಖಂಡಿತ ಇಲ್ಲ.

ಸರ್ಕಾರಿ ಪಟ್ಟಿಯಲ್ಲಿ ಇಲ್ಲದೆ ಮಕ್ಕಳ ಡಾಕ್ಟರುಗಳು ಹೇಳುವವು ಇವು: ಟೈಫಾಯ್ಡ್ (6 ತಿಂಗಳ ನಂತರ ಒಂದು ಡೋಸ್), ಫ್ಲೂ (6 ತಿಂಗಳಿಂದ, ಮೊದಲ ವರ್ಷ ಎರಡು, ಆಮೇಲೆ ವರ್ಷಕ್ಕೊಂದು), ಹೆಪಟೈಟಿಸ್-ಎ (ವರ್ಷ ತುಂಬಿದ ಮೇಲೆ), ಚಿಕನ್‌ಪಾಕ್ಸ್ (15 ತಿಂಗಳಿಂದ ಎರಡು ಡೋಸ್), ಮತ್ತೆ ದಡಾರ-ರುಬೆಲ್ಲಾ ಜೊತೆ ಮಂಗನಬಾವೂ ಸೇರಿದ ಎಂಎಂಆರ್. ಕೈ ಹಿಡಿತ ಇದ್ದು ಒಂದನ್ನು ಮಾತ್ರ ಆರಿಸಬೇಕು ಅಂದರೆ ನಾನು ಟೈಫಾಯ್ಡ್ ಮೊದಲು ಅನ್ನುತ್ತೇನೆ, ನಮ್ಮ ಕುಡಿಯುವ ನೀರಿನ ಪರಿಸ್ಥಿತಿ ನೋಡಿ. ಮಗುವಿನ ಜೊತೆ ಅಮೆರಿಕಕ್ಕೆ ಹೋಗುವವರು ಎಂಎಂಆರ್, ಚಿಕನ್‌ಪಾಕ್ಸ್ ಇಲ್ಲೇ ಹಾಕಿಸಿ ತಾರೀಕು ಬರೆಸಿಕೊಳ್ಳಿ, ಅಲ್ಲಿನ ಶಾಲೆಗಳು ಕೇಳುತ್ತವೆ.

ಇನ್ನು ಹದಿಹರೆಯದ್ದು ಎಚ್‌ಪಿವಿ. ಗರ್ಭಕೋಶದ ಕೊರಳಿನ ಕ್ಯಾನ್ಸರ್ ತರುವ ವೈರಸ್ಸಿಗೆ ಇದು ತಡೆ. 9ರಿಂದ 14 ವರ್ಷದೊಳಗೆ ಹಾಕಿಸಿದರೆ ಆರು ತಿಂಗಳ ಅಂತರದಲ್ಲಿ ಎರಡು ಡೋಸ್, 15 ದಾಟಿದರೆ ಮೂರು. ಒಂದೇ ಡೋಸ್ ಸಾಕಾಗಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆ 2022ರಿಂದ ಹೇಳುತ್ತಿದೆ. ಪುಣೆಯ ಸೀರಮ್ ಇನ್‌ಸ್ಟಿಟ್ಯೂಟಿನ ಸೆರ್ವಾವ್ಯಾಕ್ ನಮ್ಮ ದೇಶದ್ದೇ, ಗಂಡುಮಕ್ಕಳಿಗೂ ಅನುಮತಿ ಇದೆ. ಹುಡುಗಿಗೆ ಈಗಲೇ ಇಂಥದ್ದೆಲ್ಲ ಯಾಕೆ ಅಂತ ಮನೆಯಲ್ಲಿ ಮುಜುಗರ ಪಡುತ್ತಾರೆ. ವೈರಸ್ ತಗಲುವ ಮೊದಲೇ ಹಾಕಿದರೆ ತಾನೇ ಲಸಿಕೆ ಪೂರ್ತಿ ಕೆಲಸ ಮಾಡುವುದು? ಖಾಸಗಿಯಲ್ಲಿ ದುಡ್ಡು ಕೊಡುವ ಮುಂಚೆ ನಿಮ್ಮ ಆರೋಗ್ಯ ಕೇಂದ್ರದಲ್ಲಿ, ಮಗಳ ಶಾಲೆಯಲ್ಲಿ ಉಚಿತವಾಗಿ ಸಿಗುತ್ತದಾ ವಿಚಾರಿಸಿ.

ಕಾರ್ಡ್ ಕಳೆದುಹೋಗಿದ್ದರೆ ಲಸಿಕೆ ಹಾಕಿಸಿದ ಕೇಂದ್ರದ ರಿಜಿಸ್ಟರಿನಲ್ಲಿ ತಾಯಿಯ ಹೆಸರು, ಮಗುವಿನ ಹುಟ್ಟಿದ ತಾರೀಕು ಹೇಳಿ ಹುಡುಕಿಸಿ, ಹೊಸ ಕಾರ್ಡಿಗೆ ಬರೆದುಕೊಡುತ್ತಾರೆ. ಅಲ್ಲೂ ಸಿಗದಿದ್ದರೆ ಆ ಡೋಸ್ ಆಗಿಲ್ಲ ಅಂತಲೇ ಲೆಕ್ಕ ಹಿಡಿದು ಮತ್ತೆ ಹಾಕುತ್ತಾರೆ. ಎರಡನೇ ಸಲ ಬಿತ್ತು ಅಂತ ಮಗುವಿಗೆ ಅಪಾಯ ಏನಿಲ್ಲ.